ಅಪರೂಪದ ರೆಟ್ರೊ ಎಲೆಕ್ಟ್ರಿಕ್ ಗಿಟಾರ್: ಮೈಸೂರಿನಲ್ಲಿ ಕೊಂಡು, ಹದಗೊಳಿಸಿ, ನುಡಿಸಿಕೊಂಡು ಬರುವ ಬಗೆ

ಎಲೆಕ್ಟ್ರಿಕ್ ಗಿಟಾರ್ ಕೊಳ್ಳಲು ಮೈಸೂರಿನ ಅಂಗಡಿಗೆ ಹೋದವರಿಗೆ ಸಾಮಾನ್ಯವಾಗಿ ಮೊದಲು ತೋರಿಸುವುದು ಅಮೆರಿಕದ ಫೆಂಡರ್ ಸಂಸ್ಥೆಯ ಸ್ಟ್ರ್ಯಾಟೋಕಾಸ್ಟರ್ ಮಾದರಿಯ ವಾದ್ಯವನ್ನೇ. ಅದಕ್ಕೆ ಒಪ್ಪುವ ತಂತಿ, ಚೀಲ, ಬಿಡಿಭಾಗಗಳು ಊರಿನಲ್ಲೇ ಸಿಗುತ್ತವೆ, ಅದನ್ನು ಹದ ಮಾಡಬಲ್ಲವರೂ ಇದ್ದಾರೆ. ಆದರೆ 1950 ಮತ್ತು 60ರ ದಶಕಗಳಲ್ಲಿ ಹುಟ್ಟಿ, ಈಗ ಮರುತಯಾರಿಕೆಯ ರೂಪದಲ್ಲಿ ಮತ್ತೆ ಮಾರುಕಟ್ಟೆಗೆ ಬಂದಿರುವ ವಿಲಕ್ಷಣ ವಿನ್ಯಾಸದ ಗಿಟಾರುಗಳ ವಿಷಯ ಹಾಗಲ್ಲ. ಓರೆ ಸೊಂಟದ ಜಾಝ್‌ಮಾಸ್ಟರ್, ಹಾರ್ಡ್‌ಬೋರ್ಡ್ ಮೈಯ ಡ್ಯಾನೆಲೆಕ್ಟ್ರೊ, ಫೈಬರ್‌ಗ್ಲಾಸಿನ ಏರ್‌ಲೈನ್, ವಿ ಆಕಾರದ ಫ್ಲೈಯಿಂಗ್ ವಿ ಮುಂತಾದವುಗಳ ಹೊರಮೈ ಎಷ್ಟು ಬೇರೆಯೋ ಒಳಗಿನ ಏರ್ಪಾಟೂ ಅಷ್ಟೇ ಬೇರೆ. ಇವುಗಳ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು, ಅಂದರೆ ಶ್ರುತಿ ನಿಲ್ಲುವುದಿಲ್ಲ, ತಂತಿ ಬ್ರಿಡ್ಜಿನಿಂದ (ಮೈಯ ಮೇಲೆ ತಂತಿಗಳನ್ನು ಹೊರುವ ಸೇತುವೆಯಿಂದ) ಜಾರುತ್ತದೆ ಎಂಬಂಥವು, ಇವನ್ನು ಸ್ಟ್ರ್ಯಾಟೋಕಾಸ್ಟರಿನ ಲೆಕ್ಕದಲ್ಲಿ ಹದ ಮಾಡುವುದರಿಂದಲೇ ಹುಟ್ಟುತ್ತವೆ. ಆದ್ದರಿಂದ ಇಂಥ ವಾದ್ಯವನ್ನು ಕೊಳ್ಳುವವರು ಅದರ ಅಳತೆಗಳನ್ನೂ ನಡೆಯನ್ನೂ ತಾವೇ ಕಲಿಯಬೇಕು. ರಿಪೇರಿಗೆ ಕೊಟ್ಟರೂ ಏನು ಬೇಕೆಂದು ಸ್ಪಷ್ಟವಾಗಿ ಹೇಳಲು ಬರಬೇಕು. ಈ ಬರಹದ ಉದ್ದೇಶ ಅದೇ.

ಮೊದಲ ಹಂತ: ವಾದ್ಯದ ಕುಲ ತಿಳಿಯುವುದು

ಫೆಂಡರ್ ಸಂಸ್ಥೆ 1958ರಲ್ಲಿ ಜಾಝ್‌ಮಾಸ್ಟರನ್ನು ಹೊರತಂದಾಗ ಅದರ ಕಣ್ಣಿದ್ದುದು ಜಾಝ್ ವಾದಕರ ಮೇಲೆ. ಕುಳಿತು ನುಡಿಸುವವರಿಗೆ ತೂಕ ಸರಿಯಾಗಿ ಕೂರಲೆಂದು ಮೈಯನ್ನು ಓರೆಯಾಗಿಸಿ, ದಪ್ಪ ತಂತಿಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬ್ರಿಡ್ಜನ್ನು ರೂಪಿಸಿದರು. ಜಾಝ್ ವಾದಕರು ಅದನ್ನು ಹೆಚ್ಚಾಗಿ ಒಪ್ಪಲಿಲ್ಲ, ಕ್ಯಾಲಿಫೋರ್ನಿಯಾದ ಸರ್ಫ್ ಎಂಬ ಬಗೆಯ ರಾಕ್ ಸಂಗೀತದ ವಾದ್ಯವೃಂದಗಳು ಎತ್ತಿಕೊಂಡವು. 1962ರಲ್ಲಿ ಬಂದ ಜಾಗ್ವಾರ್, 1964ರಲ್ಲಿ ಬಂದ ಮಸ್ಟ್ಯಾಂಗ್ ಇದೇ ಕುಟುಂಬದವು. ಎಪ್ಪತ್ತರ ದಶಕದಲ್ಲಿ ಬೇಡಿಕೆ ಕುಸಿದು ಇವು ಅಡವಿನ ಅಂಗಡಿಗಳನ್ನು ಸೇರಿದಾಗ, ಕೈಯಲ್ಲಿ ಹೆಚ್ಚು ಹಣವಿಲ್ಲದ ಯುವ ವಾದಕರು ಕೊಂಡು ಹೊಸ ರೀತಿಯ ಸಂಗೀತಕ್ಕೆ ಬಳಸಿದರು. ಎಲ್ವಿಸ್ ಕಾಸ್ಟೆಲೊ, ಸಾನಿಕ್ ಯೂತ್ ತಂಡದವರು ಜಾಝ್‌ಮಾಸ್ಟರಿಗೆ ಮರುಜೀವ ಕೊಟ್ಟರು. ಕರ್ಟ್ ಕೋಬೇನ್ ಜಾಗ್ವಾರ್ ಮತ್ತು ಮಸ್ಟ್ಯಾಂಗ್‌ಗಳನ್ನು ನುಡಿಸಿದರು.

ಡ್ಯಾನೆಲೆಕ್ಟ್ರೊದ್ದು ಮಿತವ್ಯಯದ ಜಾಣ್ಮೆ. ನೇಥನ್ ಡೇನಿಯಲ್ 1947ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಮರದ ಚೌಕಟ್ಟಿನ ಮೇಲೆ ಮತ್ತು ಕೆಳಗೆ ಮ್ಯಾಸೊನೈಟ್ ಎಂಬ ಹಾರ್ಡ್‌ಬೋರ್ಡನ್ನು ಅಂಟಿಸಿ ಮೈ ಮಾಡಿತು, ಲಿಪ್‌ಸ್ಟಿಕ್ ಕೊಳವೆಗಳೊಳಗೆ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೂರಿಸಿತು. ಅಗ್ಗದ ವಸ್ತುಗಳಿಂದ ಹುಟ್ಟಿದರೂ ಅದರ ನಾದ ಅಗ್ಗವಲ್ಲ. ಜಿಮ್ಮಿ ಪೇಜ್ ಅಂಥವರೂ ಅದನ್ನು ವೇದಿಕೆಗೆ ತಂದರು. ಏರ್‌ಲೈನ್ ಹೆಸರಿನಲ್ಲಿ ವ್ಯಾಲ್ಕೊ ಸಂಸ್ಥೆ ಮಾಡಿದ ಫೈಬರ್‌ಗ್ಲಾಸ್ ಗಿಟಾರನ್ನು ಜ್ಯಾಕ್ ವೈಟ್ ಮತ್ತೆ ಪ್ರಸಿದ್ಧಿಗೆ ತಂದರು. ಗಿಬ್ಸನ್ 1958ರಲ್ಲಿ ಬಿಟ್ಟ ಫ್ಲೈಯಿಂಗ್ ವಿ ಆ ಮೊದಲ ಸುತ್ತಿನಲ್ಲಿ ನೂರರ ಆಸುಪಾಸು ಮಾತ್ರ ತಯಾರಾಯಿತು. ಇಂದು ನಾವು ನೋಡುವುದೆಲ್ಲ ಅದರ ನಂತರದ ಸಂತತಿ.

ಈ ಇತಿಹಾಸವನ್ನು ಹೇಳಲು ಕಾರಣವಿದೆ. ಯಾವ ವಾದ್ಯ ಯಾವ ತಂತಿಗೆ, ಯಾವ ಬಗೆಯ ನುಡಿಸಾಣಿಕೆಗೆ ರೂಪುಗೊಂಡಿತು ಎಂಬುದು ತಿಳಿದಿದ್ದರೆ ಮುಂದಿನ ಹಂತಗಳ ಅರ್ಧ ಕೆಲಸ ಮುಗಿದಂತೆ. ಇಲ್ಲಿ ನಾನು ಜಾಝ್‌ಮಾಸ್ಟರ್ ಮಾದರಿಯನ್ನೇ ಹೆಚ್ಚು ವಿವರಿಸುತ್ತೇನೆ. ರೆಟ್ರೊ ಗಿಟಾರುಗಳಲ್ಲಿ ನಮಗೆ ಸುಲಭವಾಗಿ ಸಿಗುವುದೂ ಅದೇ, ತಪ್ಪಾಗಿ ಅರ್ಥವಾಗುವುದೂ ಹೆಚ್ಚಾಗಿ ಅದೇ.

ಎರಡನೆಯ ಹಂತ: ಕೊಳ್ಳುವ ಮುನ್ನ ಪರಿಶೀಲನೆ

ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಇಂಥ ಗಿಟಾರ್ ಅಂಗಡಿಯಲ್ಲಿ ತೂಗುಹಾಕಿರುವುದು ವಿರಳ. ಒಂದೋ ಬೆಂಗಳೂರಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಬೇಕು, ಇಲ್ಲವೇ ತರಿಸಿಕೊಳ್ಳಬೇಕು. ಬೆಂಗಳೂರಿಗೆ ಹೋಗುವುದಾದರೆ ಕುಳಿತು, ನಿಂತು, ಎರಡೂ ರೀತಿಯಲ್ಲಿ ನುಡಿಸಿ ನೋಡಿರಿ. ಫ್ಲೈಯಿಂಗ್ ವಿ ತೊಡೆಯ ಮೇಲೆ ಸಹಜವಾಗಿ ಕೂರುವುದಿಲ್ಲ. ಎರಡು ಕವಲುಗಳ ನಡುವೆ ಬಲತೊಡೆಯನ್ನಿಟ್ಟು, ಶಾಸ್ತ್ರೀಯ ಗಿಟಾರ್ ವಾದಕರಂತೆ ಕತ್ತನ್ನು ಮೇಲೆತ್ತಿ ಹಿಡಿಯಬೇಕಾಗುತ್ತದೆ. ಮನೆಯಲ್ಲಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಅಭ್ಯಾಸ ಮಾಡುವವರು ಇದನ್ನು ಮೊದಲೇ ಯೋಚಿಸಬೇಕು. ಹಗುರ ಮೈಯ ಕೆಲವು ಮಾದರಿಗಳಲ್ಲಿ ನಿಂತಾಗ ಕತ್ತು ಕೆಳಕ್ಕೆ ವಾಲುತ್ತದೆ. ಒರಟು ಒಳಮೈಯ ಅಗಲ ಪಟ್ಟಿ ಅದನ್ನು ಸ್ವಲ್ಪ ತಡೆಯುತ್ತದೆ, ಪೂರ್ತಿ ತಡೆಯುವುದಿಲ್ಲ.

ಹಳೆಯ ವಾದ್ಯವಾದರೆ ಕತ್ತಿನಿಂದ ಪರಿಶೀಲನೆ ಆರಂಭಿಸಿ. ತಲೆಯ ಕಡೆಯಿಂದ ಮೈಯ ಕಡೆಗೆ ಫ್ರೆಟ್‌ಬೋರ್ಡಿನ (ಫ್ರೆಟ್ ಎಂಬ ಲೋಹದ ಅಡ್ಡಪಟ್ಟಿಗಳನ್ನು ಕೂರಿಸಿದ ಹಲಗೆಯ) ಅಂಚಿನಗುಂಟ ಒಂದು ಕಣ್ಣು ಮುಚ್ಚಿ ನೋಡಿದರೆ ತಿರುಚು ಇದ್ದಲ್ಲಿ ಕಾಣುತ್ತದೆ. ಬಾಗು ಇದ್ದರೆ ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡ್‌ನಿಂದ ಸರಿಪಡಿಸಬಹುದು, ತಿರುಚಿಗೆ ಸುಲಭ ಪರಿಹಾರವಿಲ್ಲ. ಟ್ರಸ್ ರಾಡ್‌ನ ನಟ್ಟು ಎರಡು ದಿಕ್ಕಿಗೂ ತಿರುಗುತ್ತದೆಯೇ ಎಂದು ಮಾರುವವರ ಎದುರೇ ನೋಡಬೇಕು. ಆನಂತರ ವೈಬ್ರೇಟೊದ (ತಂತಿಗಳ ಬಿಗಿತ ಬದಲಿಸಿ ಸ್ವರವನ್ನು ತೂಗಿಸುವ ಏರ್ಪಾಟಿನ) ಹಿಡಿ ಇದೆಯೇ ಎಂದು ಕೇಳಿರಿ. ಕೈಯಿಂದ ಕೈಗೆ ಸಾಗುವಾಗ ಮೊದಲು ಕಳೆದುಹೋಗುವ ಭಾಗ ಅದೇ, ಎಲ್ಲ ಹಿಡಿಗಳೂ ಎಲ್ಲ ಗಿಟಾರಿಗೂ ಕೂರುವುದಿಲ್ಲ. ಪ್ರತಿಯೊಂದು ಸ್ವಿಚ್ಚನ್ನೂ ಪ್ರತಿಯೊಂದು ಗುಂಡಿಯನ್ನೂ ಆಂಪ್ಲಿಫೈಯರಿಗೆ ಜೋಡಿಸಿ ಆಡಿಸಿರಿ. ಗುಂಡಿ ತಿರುಗಿಸುವಾಗ ಕರಕರ ಸದ್ದು ಬಂದರೆ ಹೆದರಬೇಕಿಲ್ಲ, ಕಾಂಟ್ಯಾಕ್ಟ್ ಕ್ಲೀನರಿನಿಂದ ಅದು ಸಾಮಾನ್ಯವಾಗಿ ಹೋಗುತ್ತದೆ. ಆದರೆ ಒಂದು ಪಿಕಪ್ ಪೂರ್ತಿ ಮೌನವಾಗಿದ್ದರೆ ಬೆಲೆಯ ಮಾತನ್ನು ಮತ್ತೆ ಆಡಬೇಕು.

ವಿದೇಶದಿಂದ ತರಿಸುವುದಾದರೆ ಸಾಗಣೆ, ಸುಂಕ, ಜಿಎಸ್‌ಟಿ ಎಲ್ಲ ಸೇರಿ ಕೈಗೆ ಬರುವಾಗಿನ ಬೆಲೆ ಎಷ್ಟಾಗುತ್ತದೆ ಎಂಬುದನ್ನು ಮುಂಚೆಯೇ ಲೆಕ್ಕ ಹಾಕಬೇಕು. ಕತ್ತಿನ ಮರದ ವಿಷಯವನ್ನೂ ಕೇಳಿಕೊಳ್ಳಿ. ಬೀಟೆಯ ಜಾತಿಯ ಮರಗಳು ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿವೆ. 2017ರಲ್ಲಿ ಬಿಗಿಯಾದ ನಿಯಮವನ್ನು 2019ರ ನವೆಂಬರಿನಲ್ಲಿ ಸಡಿಲಿಸಿ, ಸಿದ್ಧಗೊಂಡ ವಾದ್ಯಗಳಿಗೆ ವಿನಾಯಿತಿ ಕೊಡಲಾಯಿತು. ಈ ವಿನಾಯಿತಿ ಬ್ರೆಜಿಲಿನ ಬೀಟೆಗೆ ಅನ್ವಯಿಸುವುದಿಲ್ಲ, ಅದು 1992ರಿಂದಲೂ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ಅರವತ್ತರ ದಶಕದ ಅಸಲಿ ಅಮೆರಿಕನ್ ಗಿಟಾರುಗಳಲ್ಲಿ ಆ ಮರ ಇರುವ ಸಾಧ್ಯತೆ ಇರುವುದರಿಂದ ಕಾಗದಪತ್ರವಿಲ್ಲದೆ ಮುಂದುವರಿಯಬೇಡಿ.

ಮೂರನೆಯ ಹಂತ: ತಂತಿಯ ಆಯ್ಕೆ

ನಟ್ಟಿನಿಂದ (ಟ್ರಸ್ ರಾಡ್‌ನ ನಟ್ಟಲ್ಲ, ತಲೆಯ ಬಳಿ ತಂತಿಗಳು ಹಾಯುವ ಕಚ್ಚುಗಳ ಪಟ್ಟಿ) ಬ್ರಿಡ್ಜಿನವರೆಗೆ ತಂತಿ ಕಂಪಿಸುವ ಉದ್ದವನ್ನು ಮೊದಲು ತಿಳಿದುಕೊಳ್ಳಬೇಕು. ಜಾಝ್‌ಮಾಸ್ಟರಿನಲ್ಲಿ ಅದು 25.5 ಇಂಚು, ಅಂದರೆ ಸುಮಾರು 648 ಮಿಲಿಮೀಟರ್. ಡ್ಯಾನೆಲೆಕ್ಟ್ರೊದಲ್ಲಿ ಸಾಮಾನ್ಯವಾಗಿ 25 ಇಂಚು. ಜಾಗ್ವಾರ್ ಮತ್ತು ಮಸ್ಟ್ಯಾಂಗ್‌ಗಳಲ್ಲಿ 24 ಇಂಚು. ಅದೇ ತಂತಿಯನ್ನು ಅದೇ ಶ್ರುತಿಗೆ ಏರಿಸಿದಾಗ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿ ಇರುತ್ತದೆ. ಹಾಗಾಗಿ 24 ಇಂಚಿನ ಗಿಟಾರಿನಲ್ಲಿ ತಂತಿಯ ಬಿಗಿತ 25.5 ಇಂಚಿನದಕ್ಕಿಂತ ಸುಮಾರು ಶೇಕಡ 11ರಷ್ಟು ಕಡಿಮೆ. ಊರಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ 9ರಿಂದ 42ರ (ಅತಿ ತೆಳು ಮತ್ತು ಅತಿ ದಪ್ಪ ತಂತಿಗಳ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ) ತೆಳು ತಂತಿಯನ್ನು ಜಾಗ್ವಾರಿಗೆ ಹಾಕಿದರೆ ಅದು ಸಡಿಲಗೊಂಡು ಕಿರಿಕಿರಿ ಮಾಡುವುದು ಇದೇ ಕಾರಣಕ್ಕೆ.

ನನ್ನ ಸಲಹೆ ಸರಳವಾಗಿದೆ. ಜಾಝ್‌ಮಾಸ್ಟರಿಗೆ ಕನಿಷ್ಠ 10ರಿಂದ 46, ಸಾಧ್ಯವಾದರೆ 11ರಿಂದ 49. ಜಾಗ್ವಾರಿಗೆ 11ಕ್ಕಿಂತ ಕಡಿಮೆ ಬೇಡ. ನಿಕಲ್ ಸುತ್ತಿದ ತಂತಿಯನ್ನೇ ತೆಗೆದುಕೊಳ್ಳಿ. ಅಕೌಸ್ಟಿಕ್ ಗಿಟಾರಿನ ಕಂಚಿನ ತಂತಿಯನ್ನು ಹಾಕಿದರೆ ಆಯಸ್ಕಾಂತದ ಪಿಕಪ್ ಅದನ್ನು ಸರಿಯಾಗಿ ಗ್ರಹಿಸುವುದಿಲ್ಲ, ಕೆಳಗಿನ ತಂತಿಗಳು ಬಡವಾಗಿ ಕೇಳಿಸುತ್ತವೆ. ದಪ್ಪ ತಂತಿ ಹಾಕಿದಾಗ ನಟ್ಟಿನ ಕಚ್ಚುಗಳು ಸಾಕಷ್ಟು ಅಗಲವಿವೆಯೇ ಎಂದು ನೋಡಬೇಕು. ಶ್ರುತಿ ಏರಿಸುವಾಗ ಟಿಣ್ ಎಂಬ ಸಣ್ಣ ಸದ್ದು ಬಂದರೆ ತಂತಿ ಕಚ್ಚಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಸದ್ಯಕ್ಕೆ ಪೆನ್ಸಿಲಿನ ಸೀಸವನ್ನು ಕಚ್ಚಿಗೆ ತೀಡಿದರೆ ಸಾಕು, ಶಾಶ್ವತ ಪರಿಹಾರಕ್ಕೆ ಕಚ್ಚನ್ನು ನುರಿತವರಿಂದ ಅಗಲ ಮಾಡಿಸಬೇಕು.

ನಾಲ್ಕನೆಯ ಹಂತ: ಹದ ಮಾಡುವ ಕ್ರಮ

ಇಲ್ಲಿ ಕ್ರಮ ಬಹಳ ಮುಖ್ಯ. ಕತ್ತು, ಕತ್ತಿನ ಕೋನ, ಬ್ರಿಡ್ಜ್, ವೈಬ್ರೇಟೊ, ಸ್ವರಸ್ಥಾನ, ಕೊನೆಗೆ ಪಿಕಪ್. ಹಿಂದುಮುಂದಾದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ. ಬೇಕಾದ ಸಾಮಗ್ರಿ ಹೆಚ್ಚೇನಿಲ್ಲ: ಅರ್ಧ ಮಿಲಿಮೀಟರ್ ಗುರುತುಗಳಿರುವ ಉಕ್ಕಿನ ಸ್ಕೇಲು, ಮೋಟರ್‌ಸೈಕಲ್ ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ, ಸಣ್ಣ ಸಂದುಗಳನ್ನು ಅಳೆಯುವ ಫೀಲರ್ ಗೇಜ್, ಸಣ್ಣ ಅಲೆನ್ ಕೀಗಳು, ಒಳ್ಳೆಯ ಸ್ಕ್ರೂಡ್ರೈವರ್, ಟ್ಯೂನರ್, ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಒಂದು ಕೇಪೊ.

ಹೊಸ ತಂತಿ ಹಾಕಿ ಶ್ರುತಿ ಮಾಡಿದ ಮೇಲೆ ಮೊದಲ ಫ್ರೆಟ್‌ಗೆ ಕೇಪೊ ಹಾಕಿ, ಕತ್ತು ಮೈಯನ್ನು ಸೇರುವಲ್ಲಿ ಆರನೆಯ ತಂತಿಯನ್ನು ಒತ್ತಿ ಹಿಡಿಯಿರಿ. ಏಳು ಅಥವಾ ಎಂಟನೆಯ ಫ್ರೆಟ್ಟಿನ ಮೇಲೆ ತಂತಿಗೂ ಫ್ರೆಟ್ಟಿಗೂ ನಡುವೆ 0.25ರಿಂದ 0.3 ಮಿಲಿಮೀಟರ್ ಅಂತರವಿರಬೇಕು. ಅದಕ್ಕಿಂತ ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿ ಮಾಡಬೇಕು, ಕಡಿಮೆಯಿದ್ದರೆ ಸಡಿಲಿಸಬೇಕು. ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ತಿರುಗಿಸಿದ ಮೇಲೆ ಮತ್ತೆ ಶ್ರುತಿ ಮಾಡಿ ಅಳೆಯಬೇಕು. ಹಳೆಯ ಕ್ರಮವನ್ನು ಅನುಸರಿಸುವ ಮಾದರಿಗಳಲ್ಲಿ ಈ ನಟ್ಟು ಕತ್ತಿನ ಬುಡದಲ್ಲಿರುವುದರಿಂದ ತಂತಿ ಸಡಿಲಿಸಿ ಕತ್ತನ್ನೇ ಬಿಚ್ಚಬೇಕಾಗುತ್ತದೆ. ತಾಳ್ಮೆ ಬೇಡುವ ಕೆಲಸವಾದರೂ ಕಷ್ಟದ್ದಲ್ಲ.

ಈಗ ಜಾಝ್‌ಮಾಸ್ಟರಿನ ಮುಖ್ಯ ವಿಷಯಕ್ಕೆ ಬರೋಣ. ಇದರ ಬ್ರಿಡ್ಜ್ ಮೈಗೆ ಗಟ್ಟಿಯಾಗಿ ಕೂತಿಲ್ಲ. ಎರಡು ಕಂಬಗಳು ಲೋಹದ ಬಟ್ಟಲುಗಳಲ್ಲಿ ಮೊನೆಯೂರಿ ನಿಂತಿರುತ್ತವೆ, ವೈಬ್ರೇಟೊ ಬಳಸಿದಾಗ ಇಡೀ ಬ್ರಿಡ್ಜ್ ತಂತಿಗಳ ಜೊತೆಗೆ ಹಿಂದೆ ಮುಂದೆ ತೂಗುತ್ತದೆ. ಮೊದಲ ಬಾರಿ ನೋಡಿದವರು ಇದನ್ನು ದೋಷವೆಂದು ಭಾವಿಸಿ ಅಂಟು ಹಾಕಿಸುವುದುಂಟು. ಹಾಗೆ ಮಾಡಬೇಡಿ. ತಂತಿ ಬ್ರಿಡ್ಜಿನ ಮೇಲೆ ಉಜ್ಜದೆ ಬ್ರಿಡ್ಜೇ ಜೊತೆಗೆ ಸಾಗುವುದರಿಂದ ಶ್ರುತಿ ಮರಳಿ ಬರುತ್ತದೆ. ನಿಜವಾದ ತೊಂದರೆ ಬೇರೆ ಕಡೆ ಇದೆ. ಬ್ರಿಡ್ಜಿಗೂ ಹಿಂದಿನ ವೈಬ್ರೇಟೊ ಫಲಕಕ್ಕೂ ದೂರ ಹೆಚ್ಚಿರುವುದರಿಂದ ತಂತಿ ಬ್ರಿಡ್ಜಿನ ಮೇಲೆ ಬಹಳ ಕಡಿಮೆ ಕೋನದಲ್ಲಿ ಬಾಗುತ್ತದೆ, ಕೆಳಮುಖ ಒತ್ತಡ ಸಾಲದು. ಆಗ ಜೋರಾಗಿ ಮೀಟಿದರೆ ತಂತಿ ಸ್ಯಾಡಲಿನ (ಬ್ರಿಡ್ಜಿನ ಮೇಲೆ ತಂತಿ ಕೂರುವ ಸಣ್ಣ ತುಂಡಿನ) ಕಚ್ಚಿನಿಂದ ಹಾರುತ್ತದೆ, ಸ್ಕ್ರೂಗಳು ನಡುಗಿ ಝರ್ ಎನ್ನುತ್ತವೆ.

ಇದಕ್ಕೆ ಮೊದಲ ಮದ್ದು ದಪ್ಪ ತಂತಿ. ಎರಡನೆಯದು ಕತ್ತಿನ ಕೋನ. ಕತ್ತು ಕೂರುವ ಗುಂಡಿಯಲ್ಲಿ, ಬ್ರಿಡ್ಜಿನ ಕಡೆಯ ತುದಿಗೆ ದಪ್ಪವಾಗಿ ಇನ್ನೊಂದು ತುದಿಗೆ ತೆಳುವಾಗಿ ಇಳಿಯುವ ಅರ್ಧ ಅಥವಾ ಒಂದು ಡಿಗ್ರಿಯ ಮರದ ಪಟ್ಟಿಯನ್ನು ಇಟ್ಟರೆ ಕತ್ತು ಸ್ವಲ್ಪ ಹಿಂದಕ್ಕೆ ವಾಲುತ್ತದೆ. ಆಗ ತಂತಿಯ ಎತ್ತರವನ್ನು ಕಾಯ್ದುಕೊಳ್ಳಲು ಬ್ರಿಡ್ಜನ್ನು ಮೇಲೆತ್ತಬೇಕಾಗುತ್ತದೆ, ಬ್ರಿಡ್ಜ್ ಎದ್ದಷ್ಟೂ ಅದರ ಹಿಂದಿನ ಕೋನ ಕಡಿದಾಗುತ್ತದೆ, ಒತ್ತಡ ಹೆಚ್ಚುತ್ತದೆ. ಈ ಪಟ್ಟಿಯ ವಿಷಯದಲ್ಲಿ ಮೈಸೂರಿಗರಿಗೆ ಒಂದು ಅನುಕೂಲವಿದೆ. ಬೀಟೆ ಮರದಲ್ಲಿ ಬೇರೆ ಮರದ ಚೂರುಗಳನ್ನು ಕೂರಿಸಿ ಚಿತ್ತಾರ ಮಾಡುವ ಕುಶಲಕರ್ಮಿಗಳು ನಮ್ಮೂರಿನಲ್ಲೇ ಇದ್ದಾರೆ. ಕಾಗದದಷ್ಟು ತೆಳುವಾಗಿ ಮರವನ್ನು ಉಜ್ಜಿ ಕೂರಿಸುವುದು ಅವರ ನಿತ್ಯದ ಕೆಲಸ. ಗುಂಡಿಯ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ ಕೊಂಡೊಯ್ದು, ಒಂದು ತುದಿ ಸುಮಾರು ಒಂದು ಮಿಲಿಮೀಟರ್, ಇನ್ನೊಂದು ತುದಿ ಹೆಚ್ಚುಕಡಿಮೆ ಶೂನ್ಯ ಎಂದು ಹೇಳಿದರೆ ಅಚ್ಚುಕಟ್ಟಾದ ಪಟ್ಟಿ ಸಿದ್ಧವಾಗುತ್ತದೆ. ಮಡಿಸಿದ ವಿಸಿಟಿಂಗ್ ಕಾರ್ಡನ್ನು ತುರುಕುವುದಕ್ಕಿಂತ ಗುಂಡಿಯ ಪೂರ್ತಿ ಅಗಲಕ್ಕೆ ಕೂರುವ ಮರದ ಪಟ್ಟಿ ಎಷ್ಟೋ ಮೇಲು.

ಆಮೇಲೆ ತಂತಿಯ ಎತ್ತರ. ಹನ್ನೆರಡನೆಯ ಫ್ರೆಟ್ಟಿನ ಮೇಲೆ ಆರನೆಯ ತಂತಿಗೆ 1.6ರಿಂದ 2 ಮಿಲಿಮೀಟರ್ ಇಟ್ಟುಕೊಳ್ಳಿ. ಇಲ್ಲಿ ಫ್ರೆಟ್‌ಬೋರ್ಡಿನ ಉಬ್ಬನ್ನು ಗಮನಿಸಬೇಕು. ಹಳೆಯ ಫೆಂಡರ್ ಅಳತೆಯಾದ 7.25 ಇಂಚಿನ ತ್ರಿಜ್ಯದ ಬೋರ್ಡು ಹೆಚ್ಚು ಉಬ್ಬಿರುತ್ತದೆ. ಮೇಲಿನ ಸ್ಥಾಯಿಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದಾಗ ಅದು ಉಬ್ಬಿನ ಮೇಲಿರುವ ಮುಂದಿನ ಫ್ರೆಟ್ಟಿಗೆ ತಗುಲಿ ನಾದ ತಟ್ಟನೆ ಸತ್ತುಹೋಗುತ್ತದೆ. ವೀಣೆಯ ಕೇಳ್ಮೆಯಲ್ಲಿ ಬೆಳೆದು, ಗಿಟಾರಿನಲ್ಲೂ ಗಮಕವನ್ನು ತಂತಿ ಎಳೆದೇ ತೆಗೆಯುವವರು ನಮ್ಮಲ್ಲಿ ಸಾಕಷ್ಟು ಮಂದಿ ಇದ್ದಾರೆ. ಅಂಥವರು 7.25 ಇಂಚಿನ ಬೋರ್ಡಿಗೆ ಎರಡು ಮಿಲಿಮೀಟರಿಗಿಂತ ಕಡಿಮೆ ಎತ್ತರ ಇಡಬಾರದು. ಎಳೆತವೇ ನಿಮ್ಮ ನುಡಿಸಾಣಿಕೆಯ ಜೀವವಾಗಿದ್ದರೆ 9.5 ಅಥವಾ 12 ಇಂಚಿನ ತ್ರಿಜ್ಯದ ಕತ್ತಿರುವ ಮರುತಯಾರಿಕೆಯನ್ನೇ ಕೊಳ್ಳುವುದು ಜಾಣತನ.

ಬ್ರಿಡ್ಜಿನ ಎತ್ತರವನ್ನು ಕಂಬಗಳೊಳಗಿನ ಅಲೆನ್ ಸ್ಕ್ರೂಗಳಿಂದ ಹೊಂದಿಸಿದ ಮೇಲೆ, ಅವು ಕಂಪನಕ್ಕೆ ಕೆಳಗಿಳಿಯದಂತೆ ಎಳೆಗಳಿಗೆ ಉಗುರುಬಣ್ಣದ ಒಂದು ಹನಿ ತಾಗಿಸಿ. ಲಾಕ್‌ಟೈಟ್ ಎಂಬ ಗಟ್ಟಿಯಾದ ಸ್ಕ್ರೂ ಅಂಟು ಬೇಡ, ಮುಂದೆ ತಿರುಗಿಸಲಾಗದು. ಇಷ್ಟರ ನಂತರವೂ ತಂತಿ ಹಾರುತ್ತಿದ್ದರೆ ಆಳವಾದ ಒಂದೇ ಕಚ್ಚಿರುವ ಮಸ್ಟ್ಯಾಂಗ್ ಮಾದರಿಯ ಬ್ರಿಡ್ಜನ್ನು ಹಾಕಬಹುದು. ಆದರೆ ಎರಡು ಕಂಬಗಳ ನಡುವಿನ ಅಂತರವನ್ನೂ ಕಂಬದ ದಪ್ಪವನ್ನೂ ಅಳೆದ ಮೇಲೆಯೇ ತರಿಸಿ.

ವೈಬ್ರೇಟೊ ಫಲಕದ ನಡುವಿನ ಸ್ಕ್ರೂ ಒಳಗಿನ ಸ್ಪ್ರಿಂಗಿನ ಬಿಗಿತವನ್ನು ನಿಯಂತ್ರಿಸುತ್ತದೆ. ಅಸಲಿ ವಿನ್ಯಾಸದಲ್ಲಿ ಪಕ್ಕದಲ್ಲೊಂದು ಜಾರುವ ಬೀಗದ ಗುಂಡಿ ಇರುತ್ತದೆ, ಕೆಲವು ಅಗ್ಗದ ಮಾದರಿಗಳಲ್ಲಿ ಅದನ್ನು ಬಿಟ್ಟಿರುತ್ತಾರೆ. ಬೀಗ ಹಾಕಿ ಶ್ರುತಿ ಮಾಡಿ, ನಂತರ ಬೀಗ ತೆಗೆಯಿರಿ. ಶ್ರುತಿ ಏರಿದರೆ ಸ್ಪ್ರಿಂಗ್ ಹೆಚ್ಚು ಬಿಗಿಯಾಗಿದೆ, ಇಳಿದರೆ ಸಡಿಲವಾಗಿದೆ. ಬೀಗ ಹಾಕಿದರೂ ತೆಗೆದರೂ ಶ್ರುತಿ ಬದಲಾಗದ ಬಿಂದು ಸಿಗುವವರೆಗೆ ಸ್ಕ್ರೂವನ್ನು ಸ್ವಲ್ಪಸ್ವಲ್ಪವಾಗಿ ತಿರುಗಿಸಬೇಕು. ಆ ಬಿಂದು ಸಿಕ್ಕಿದರೆ, ವೇದಿಕೆಯ ಮೇಲೆ ಒಂದು ತಂತಿ ಹರಿದರೂ ಬೀಗ ಜಾರಿಸಿ ಉಳಿದ ಐದರ ಶ್ರುತಿಯನ್ನು ಉಳಿಸಿಕೊಳ್ಳಬಹುದು. ಕೊನೆಗೆ ಹಿಡಿಯನ್ನು ಕೆಲವು ಬಾರಿ ಮೆಲ್ಲನೆ ಒತ್ತಿ ಬಿಟ್ಟು, ಬ್ರಿಡ್ಜ್ ನೆಟ್ಟಗೆ ನಿಂತಿದೆಯೇ ಎಂದು ಪಕ್ಕದಿಂದ ನೋಡಿರಿ. ವಾಲಿದ್ದರೆ ಕೈಯಿಂದ ನೇರಗೊಳಿಸಿ ಮತ್ತೆ ಶ್ರುತಿ ಮಾಡಿ.

ಸ್ವರಸ್ಥಾನಗಳನ್ನು ಸರಿಪಡಿಸುವ ಕ್ರಮ ಎಲ್ಲ ಗಿಟಾರುಗಳಿಗೂ ಒಂದೇ. ಹನ್ನೆರಡನೆಯ ಫ್ರೆಟ್ಟಿನ ಹಾರ್ಮೋನಿಕ್ಕಿಗಿಂತ (ತಂತಿಯನ್ನು ಒತ್ತದೆ ಬೆರಳು ತಾಗಿಸಿ ಮೀಟಿದ ಸ್ವರಕ್ಕಿಂತ) ಅಲ್ಲಿಯೇ ಒತ್ತಿ ಮೀಟಿದ ಸ್ವರ ಏರಿದ್ದರೆ ಸ್ಯಾಡಲನ್ನು ಕತ್ತಿನಿಂದ ದೂರಕ್ಕೆ, ಇಳಿದಿದ್ದರೆ ಹತ್ತಿರಕ್ಕೆ ಸರಿಸಬೇಕು. ಹಳೆಯ ಮಾದರಿಯ ಡ್ಯಾನೆಲೆಕ್ಟ್ರೊದಲ್ಲಿ ಪ್ರತ್ಯೇಕ ಸ್ಯಾಡಲುಗಳಿಲ್ಲದೆ ಒಂದೇ ಮರದ ಪಟ್ಟಿ ಇರುವುದರಿಂದ, ಒಂದನೆಯ ಮತ್ತು ಆರನೆಯ ತಂತಿಗೆ ಅದನ್ನು ಹೊಂದಿಸಿ, ಉಳಿದವುಗಳಲ್ಲಿ ಸಣ್ಣ ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ಪಿಕಪ್‌ಗಳನ್ನು, ಕೊನೆಯ ಫ್ರೆಟ್ಟಿನಲ್ಲಿ ತಂತಿ ಒತ್ತಿ ಹಿಡಿದಾಗ ಎರಡರಿಂದ ಮೂರು ಮಿಲಿಮೀಟರ್ ದೂರವಿರುವಂತೆ ಇಟ್ಟು, ಅಲ್ಲಿಂದಾಚೆ ಕಿವಿಗೆ ಬಿಡಿ.

ಐದನೆಯ ಹಂತ: ಗುಂಯ್‌ಗಾಟ, ಅರ್ಥಿಂಗ್ ಮತ್ತು ಸುರಕ್ಷತೆ

ಜಾಝ್‌ಮಾಸ್ಟರ್, ಡ್ಯಾನೆಲೆಕ್ಟ್ರೊ, ಏರ್‌ಲೈನ್ ಮುಂತಾದವುಗಳಲ್ಲಿ ಬಹುಪಾಲು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್‌ಗಳಿರುತ್ತವೆ. ಇವು ತಂತಿಯ ಕಂಪನವನ್ನು ಹಿಡಿಯುವಂತೆಯೇ ಮನೆಯ ವಿದ್ಯುತ್ತಿನ ಕ್ಷೇತ್ರವನ್ನೂ ಹಿಡಿಯುತ್ತವೆ. ನಮ್ಮಲ್ಲಿ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಕೇಳುವ ಗುಂಯ್‌ಗಾಟವೂ ಆ 50 ಹರ್ಟ್ಸಿನ ಮತ್ತು ಅದರ ಗುಣಕಗಳ ಸದ್ದೇ. ಮೊದಲು ಮೂಲವನ್ನು ಪತ್ತೆ ಮಾಡಬೇಕು. ಗಿಟಾರ್ ಹಿಡಿದು ನಿಂತಲ್ಲೇ ಮೆಲ್ಲನೆ ಸುತ್ತು ತಿರುಗಿದರೆ ಒಂದು ದಿಕ್ಕಿನಲ್ಲಿ ಸದ್ದು ಬಹಳ ಕಡಿಮೆಯಾಗುತ್ತದೆ, ಅಭ್ಯಾಸಕ್ಕೆ ಆ ದಿಕ್ಕನ್ನೇ ಆರಿಸಿಕೊಳ್ಳಿ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ಅಗ್ಗದ ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆರಿಸಿ ನೋಡಿರಿ. ಕರೆಂಟು ಹೋದಾಗ ಸದ್ದು ಇದ್ದಕ್ಕಿದ್ದಂತೆ ಒರಟಾಗಿ ಹೆಚ್ಚಿದರೆ ಕಾರಣ ಇನ್ವರ್ಟರ್. ಚೌಕ ತರಂಗದ ಇನ್ವರ್ಟರುಗಳಲ್ಲಿ ಇದು ತಪ್ಪುವುದಿಲ್ಲ, ಶುದ್ಧ ಸೈನ್ ತರಂಗದವುಗಳಲ್ಲಿ ಬಹಳ ಕಡಿಮೆ. ಲ್ಯಾಪ್‌ಟಾಪಿಗೆ ಧ್ವನಿಮುದ್ರಣ ಮಾಡುವಾಗ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿದರೆ ಎಷ್ಟೋ ಸದ್ದು ಮಾಯವಾಗುತ್ತದೆ.

ತಂತಿಯನ್ನು ಮುಟ್ಟಿದಾಗ ಸದ್ದು ಕಡಿಮೆಯಾದರೆ ಗಿಟಾರಿನೊಳಗಿನ ಗ್ರೌಂಡ್ ತಂತಿ ಸರಿಯಾಗಿದೆ ಎಂದು ತಿಳಿಯಬಹುದು. ಮುಟ್ಟಿದಾಗ ಹೆಚ್ಚಾದರೆ ಒಳಗೆ ಎಲ್ಲೋ ಜೋಡಣೆ ತಪ್ಪಿದೆ ಅಥವಾ ಕಡಿದಿದೆ. ಒಳಗುಂಡಿಗಳಿಗೆ ತಾಮ್ರದ ಹಾಳೆ ಅಂಟಿಸಿ, ಆ ಹಾಳೆಗಳನ್ನೆಲ್ಲ ಒಂದಕ್ಕೊಂದು ಬೆಸೆದು ಗ್ರೌಂಡಿಗೆ ಸೇರಿಸಿದರೆ ಝರ್ ಎಂಬ ತೀಕ್ಷ್ಣ ಸದ್ದು ತಗ್ಗುತ್ತದೆ. ಸಿಂಗಲ್ ಕಾಯಿಲಿನ ಮೂಲ ಗುಂಯ್‌ಗಾಟ ಅದರಿಂದ ಹೋಗುವುದಿಲ್ಲ. ಜಾಝ್‌ಮಾಸ್ಟರುಗಳಲ್ಲಿ ಬಹುಪಾಲು ಎರಡು ಪಿಕಪ್‌ಗಳನ್ನು ಪರಸ್ಪರ ವಿರುದ್ಧವಾಗಿ ಸುತ್ತಿರುವುದರಿಂದ ನಡುವಿನ ಸ್ಥಾನದಲ್ಲಿ ಗುಂಯ್‌ಗಾಟ ಒಂದನ್ನೊಂದು ಕಳೆದುಬಿಡುತ್ತದೆ.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಹಳೆಯ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಅರ್ಥ್ ತಂತಿಯನ್ನು ಎಲ್ಲಿಗೂ ಜೋಡಿಸಿರುವುದಿಲ್ಲ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ, ಅಲ್ಲಿಂದ ಮನೆಯ ಅರ್ಥಿಗೆ ಸೇರಿರುತ್ತವೆ. ಆ ಕೊಂಡಿ ಇಲ್ಲದಿದ್ದಾಗ ಆಂಪ್ಲಿಫೈಯರಿನಲ್ಲಿ ದೋಷವುಂಟಾದರೆ ವಿದ್ಯುತ್ತು ನೇರವಾಗಿ ನಿಮ್ಮ ಬೆರಳುಗಳಿಗೆ ಬರುತ್ತದೆ. ತಂತಿ ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಕೂಡಲೇ ನಿಲ್ಲಿಸಿ, ಎಲೆಕ್ಟ್ರಿಷಿಯನ್ನರನ್ನು ಕರೆಸಿ ಅರ್ಥಿಂಗ್ ಪರೀಕ್ಷಿಸಿರಿ. ಗಣೇಶನ ಪೆಂಡಾಲಿನಂಥ ಜನರೇಟರ್ ಆಧಾರಿತ ವೇದಿಕೆಗಳಲ್ಲಿ ಹಾಡುತ್ತ ನುಡಿಸುವವರು ಇನ್ನೂ ಎಚ್ಚರವಾಗಿರಬೇಕು. ಮೈಕಿನ ಜಾಲರಿ ಒಂದು ವ್ಯವಸ್ಥೆಗೆ, ಗಿಟಾರ್ ಇನ್ನೊಂದಕ್ಕೆ ಸೇರಿದ್ದರೆ ತುಟಿ ಮೈಕಿಗೆ ತಾಗಿದ ಕ್ಷಣ ದೇಹವೇ ಎರಡರ ನಡುವಿನ ಸೇತುವೆಯಾಗುತ್ತದೆ. ನುಡಿಸುವ ಮುನ್ನ ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಕಡ್ಡಿಯನ್ನು ಮೈಕಿನ ಜಾಲರಿಗೆ, ಇನ್ನೊಂದನ್ನು ಗಿಟಾರಿನ ತಂತಿಗೆ ಮುಟ್ಟಿಸಿ. ಶೂನ್ಯದ ಹತ್ತಿರ ತೋರಿಸಿದರೆ ಸರಿ. ಕೆಲವು ವೋಲ್ಟು ದಾಟಿದರೂ ಅದನ್ನು ಸರಿಪಡಿಸುವವರೆಗೆ ವೇದಿಕೆ ಏರಬೇಡಿ.

ಅಮೆರಿಕದಿಂದ ಹಳೆಯ ಆಂಪ್ಲಿಫೈಯರನ್ನೂ ತಂದಿದ್ದರೆ ಅದು 120 ವೋಲ್ಟಿನದಾಗಿರುತ್ತದೆ. ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತದೆ. ಅದರ ವಾಟ್ ಅಗತ್ಯಕ್ಕಿಂತ ಧಾರಾಳ ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ವೋಲ್ಟನ್ನು ಇಳಿಸುತ್ತದೆಯೇ ಹೊರತು 50 ಹರ್ಟ್ಸನ್ನು 60 ಮಾಡುವುದಿಲ್ಲವಾದ್ದರಿಂದ, 60 ಹರ್ಟ್ಸಿಗೆಂದೇ ಮಾಡಿದ ಆಂಪ್ಲಿಫೈಯರ್ ಹೆಚ್ಚು ಬಿಸಿಯಾಗುತ್ತಿದೆಯೇ ಎಂದು ಗಮನಿಸುತ್ತಿರಬೇಕು.

ಆರನೆಯ ಹಂತ: ಸ್ವಿಚ್ಚುಗಳನ್ನು ಅರಿತು ನುಡಿಸುವುದು

ಹೊಸಬರು ಜಾಝ್‌ಮಾಸ್ಟರನ್ನು ಜೋಡಿಸಿ, ಸದ್ದು ಮಂಕಾಗಿದೆ, ಗುಂಡಿಗಳು ಕೆಲಸ ಮಾಡುತ್ತಿಲ್ಲ ಎಂದು ಗಾಬರಿಯಾಗುವುದು ಸಾಮಾನ್ಯ. ಮೇಲಿನ ಕೊಂಬಿನ ಹತ್ತಿರವಿರುವ ಜಾರುವ ಸ್ವಿಚ್ಚನ್ನು ನೋಡಿರಿ. ಅದು ಮೇಲಿದ್ದರೆ ಕತ್ತಿನ ಕಡೆಯ ಪಿಕಪ್ ಮಾತ್ರ ಪ್ರತ್ಯೇಕ ವಿದ್ಯುತ್ ಮಂಡಲದಲ್ಲಿ ಕೆಲಸ ಮಾಡುತ್ತದೆ, ಪಕ್ಕದ ಎರಡು ಹಲ್ಲುಚಕ್ರಗಳೇ ಅದರ ವಾಲ್ಯೂಮ್ ಮತ್ತು ಟೋನ್. ಈ ಮಂಡಲದ ಟೋನ್ ಪೊಟೆನ್ಶಿಯೊಮೀಟರ್ (ತಿರುಗಿಸಿ ಬದಲಿಸಬಲ್ಲ ರೋಧಕ) 50 ಕಿಲೊ ಓಮ್ ಆಗಿರುವುದರಿಂದ ನಾದ ದುಂಡಗೆ, ಕತ್ತಲೆಯಾಗಿ ಬರುತ್ತದೆ. ಸ್ವಿಚ್ ಕೆಳಗಿದ್ದರೆ ಮುಖ್ಯ ಮಂಡಲ, ಅದರಲ್ಲಿ 1 ಮೆಗಾ ಓಮ್ ಪೊಟೆನ್ಶಿಯೊಮೀಟರುಗಳಿರುವುದರಿಂದ ಮೇಲಿನ ಸ್ವರಗಳು ಬಹಳ ಹೊಳಪಾಗಿ ಕೇಳುತ್ತವೆ. ಈ ಹೊಳಪು ಕಿವಿಗೆ ಚುಚ್ಚುತ್ತದೆ ಎಂದು ಪಿಕಪ್ ಬದಲಾಯಿಸುವ ಮುನ್ನ ಟೋನ್ ಗುಂಡಿಯನ್ನು ಎಂಟಕ್ಕೆ ಇಳಿಸಿ ನೋಡಿರಿ. ಎರಡು ಮಂಡಲಗಳ ಒಳ್ಳೆಯ ಬಳಕೆಯೆಂದರೆ ಪಲ್ಲವಿಯ ಹಿಂದೆ ಸ್ವರಮೇಳ ಹಿಡಿಯುವಾಗ ಮೇಲಿನದು, ನಡುವಿನ ವಾದ್ಯಭಾಗಕ್ಕೆ ಕೆಳಗಿನದು. ಒಂದೇ ಬೆರಳಿನ ಚಲನೆಯಲ್ಲಿ ಎರಡು ಬೇರೆ ವಾದ್ಯಗಳಂತೆ ಕೇಳಿಸುತ್ತದೆ.

ಡ್ಯಾನೆಲೆಕ್ಟ್ರೊದ ಎರಡು ಪಿಕಪ್ ಮಾದರಿಗಳಲ್ಲಿ ನಡುವಿನ ಸ್ಥಾನ ಎರಡು ಪಿಕಪ್‌ಗಳನ್ನು ಸರಣಿಯಲ್ಲಿ ಕೂಡಿಸುತ್ತದೆ. ಅಲ್ಲಿ ಸದ್ದು ಜೋರಾಗುತ್ತದೆ, ಇತರ ಗಿಟಾರುಗಳಂತೆ ಮೆತ್ತಗಾಗುವುದಿಲ್ಲ. ವೇದಿಕೆಯಲ್ಲಿ ಇದನ್ನು ನೆನಪಿಟ್ಟುಕೊಳ್ಳಬೇಕು.

ಏಳನೆಯ ಹಂತ: ನಮ್ಮ ಹವೆಯಲ್ಲಿ ಕಾಪಾಡುವುದು

ಮೈಸೂರಿನ ಹವೆ ಹಿತಕರವೆಂದು ಹೆಸರಾದರೂ ಗಿಟಾರಿಗೆ ವರ್ಷವಿಡೀ ಒಂದೇ ಆಗಿರುವುದಿಲ್ಲ. ಮಾರ್ಚ್ ಮತ್ತು ಏಪ್ರಿಲ್ ಮಧ್ಯಾಹ್ನಗಳಲ್ಲಿ ಗಾಳಿ ಒಣಗಿ, ಫ್ರೆಟ್‌ಬೋರ್ಡ್ ಕುಗ್ಗಿ, ಫ್ರೆಟ್ಟಿನ ತುದಿಗಳು ಅಂಗೈಗೆ ತಾಗತೊಡಗುತ್ತವೆ. ಮುಂಗಾರಿನಲ್ಲಿ ತೇವ ಏರಿ ಕತ್ತು ಬಾಗುತ್ತದೆ. ಮಂಡ್ಯದ ಕಡೆ ನಾಲೆ ಮತ್ತು ಗದ್ದೆಗಳ ನಡುವಿನ ಮನೆಗಳಲ್ಲಿ ತೇವ ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ. ಪೆಟ್ಟಿಗೆಯೊಳಗೆ ಸಣ್ಣ ಆರ್ದ್ರತಾಮಾಪಕವನ್ನಿಟ್ಟು ಶೇಕಡ 45ರಿಂದ 55ರ ನಡುವೆ ಇರುವಂತೆ ನೋಡಿಕೊಳ್ಳಿ. ಮಳೆಗಾಲಕ್ಕೆ ಸಿಲಿಕಾ ಜೆಲ್ ಸಾಕು. ಬೇಸಿಗೆಯ ಆರಂಭದಲ್ಲೊಮ್ಮೆ, ಮಳೆ ಹಿಡಿದ ಮೇಲೊಮ್ಮೆ ಕತ್ತಿನ ಬಾಗನ್ನು ಅಳೆದರೆ ವರ್ಷದ ಹದ ಕೈತಪ್ಪುವುದಿಲ್ಲ. ಡ್ಯಾನೆಲೆಕ್ಟ್ರೊದ ಹಾರ್ಡ್‌ಬೋರ್ಡಿನ ಅಂಚು ನೀರು ಕುಡಿದರೆ ಉಬ್ಬುತ್ತದೆ. ಸುತ್ತಲಿನ ವಿನೈಲ್ ಪಟ್ಟಿ ಎಲ್ಲಾದರೂ ಎದ್ದಿದ್ದರೆ ಮಳೆಗಾಲಕ್ಕೆ ಮೊದಲೇ ಅಂಟಿಸಿ.

ಪೆಟ್ಟಿಗೆಯಲ್ಲಿ ನುಸಿಗುಳಿಗೆಯನ್ನಾಗಲಿ ಕರ್ಪೂರವನ್ನಾಗಲಿ ಇಡಬೇಡಿ, ಅವುಗಳ ಆವಿ ಕೆಲವು ಪ್ಲಾಸ್ಟಿಕ್ ಮತ್ತು ಬಣ್ಣದ ಲೇಪಗಳಿಗೆ ಒಗ್ಗುವುದಿಲ್ಲ. ನೈಟ್ರೊಸೆಲ್ಯುಲೋಸ್ ಲೇಪವಿರುವ ಗಿಟಾರನ್ನು ರಬ್ಬರ್ ತೊಡಿಸಿದ ಸ್ಟ್ಯಾಂಡಿನಲ್ಲಿ ದಿನಗಟ್ಟಲೆ ನಿಲ್ಲಿಸಿದರೆ ಅಲ್ಲಿ ಲೇಪ ಕರಗಿ ಗುರುತು ಬೀಳುತ್ತದೆ, ನಡುವೆ ಹತ್ತಿಯ ಬಟ್ಟೆ ಇರಲಿ. ಬೀಟೆಯ ಫ್ರೆಟ್‌ಬೋರ್ಡಿಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಕೆಲವರಲ್ಲಿದೆ. ಅದು ಕಾಲಾಂತರದಲ್ಲಿ ಅಂಟಂಟಾಗಿ ಕೊಳೆ ಹಿಡಿಯುತ್ತದೆ. ಫ್ರೆಟ್‌ಬೋರ್ಡಿಗೆಂದೇ ಮಾರುವ ಖನಿಜ ತೈಲದ ಕೆಲವು ಹನಿಗಳನ್ನು ವರ್ಷಕ್ಕೊಂದೆರಡು ಬಾರಿ ಸವರಿ ಒರೆಸಿದರೆ ಸಾಕು. ಲೇಪವಿರುವ ಮೇಪಲ್ ಬೋರ್ಡಿಗೆ ಎಣ್ಣೆಯೇ ಬೇಡ.

ಸಾಮಾನ್ಯ ಚೀಲಗಳು ಸ್ಟ್ರ್ಯಾಟೋಕಾಸ್ಟರಿನ ಅಳತೆಗೆ ಹೊಲಿದವು. ಜಾಝ್‌ಮಾಸ್ಟರ್ ಅದಕ್ಕಿಂತ ಕೆಲವು ಸೆಂಟಿಮೀಟರ್ ಉದ್ದ, ಫ್ಲೈಯಿಂಗ್ ವಿ ಯಾವ ಚೀಲಕ್ಕೂ ಒಗ್ಗದು. ಗಿಟಾರಿನ ಜೊತೆಗೆ ಪೆಟ್ಟಿಗೆ ಬರದಿದ್ದರೆ ರೆಕ್ಸಿನ್ ಚೀಲ ಹೊಲಿಯುವವರಿಗೆ ವಾದ್ಯವನ್ನೇ ಕೊಂಡೊಯ್ದು ಅಳತೆ ಕೊಟ್ಟು, ತಲೆಯ ಭಾಗಕ್ಕೆ ದಪ್ಪ ಫೋಮ್ ಹಾಕಿಸಿ. ಬಸ್ಸಿನ ಡಿಕ್ಕಿಯಲ್ಲಿ ಎಂದೂ ಇಡಬೇಡಿ, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿಯೂ ಬಿಡಬೇಡಿ.

ಎಂಟನೆಯ ಹಂತ: ಮಾರ್ಪಾಟು ಮತ್ತು ಬಿಡಿಭಾಗ

ಮಾರ್ಪಾಟು ಮಾಡಬಾರದೆಂಬ ಮಡಿವಂತಿಕೆ ನನಗಿಲ್ಲ. ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದ ಟಿ. ಚೌಡಯ್ಯನವರು ದೊಡ್ಡ ಸಭೆಗೂ ನಾದ ತಲುಪಬೇಕೆಂದು ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿ ಕೂಡಿಸಿ ಏಳು ತಂತಿಯದನ್ನು ನುಡಿಸಿದ ನಾಡು ಇದು. ಅವರ ಮುಂದೆ ಸ್ಪಷ್ಟವಾದ ಅಗತ್ಯವಿತ್ತು. ನಿಮ್ಮ ಗಿಟಾರಿನಲ್ಲಿಯೂ ಅಗತ್ಯ ಯಾವುದು ಎಂಬುದು ಹದ ಮಾಡಿ ಕೆಲವು ತಿಂಗಳು ನುಡಿಸಿದ ಮೇಲೆ ತಿಳಿಯುತ್ತದೆ. ಹಿಂದಿರುಗಿಸಬಹುದಾದ ಬದಲಾವಣೆಗಳನ್ನು ಧಾರಾಳವಾಗಿ ಮಾಡಿ: ಬ್ರಿಡ್ಜ್, ಪೊಟೆನ್ಶಿಯೊಮೀಟರ್, ಪಿಕಪ್. ಮರ ಕೊರೆಯುವ, ಬಣ್ಣ ಕೆರೆಯುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಇಂಥ ವಾದ್ಯದ ಮರುಮಾರಾಟದ ಬೆಲೆ ಅಲ್ಲಿಯೇ ಕುಸಿಯುತ್ತದೆ.

ಬಿಡಿಭಾಗ ತರಿಸುವಾಗ ಒಂದು ಸೂಕ್ಷ್ಮ ಗೊತ್ತಿರಲಿ. ಏಷ್ಯಾದ ಕಾರ್ಖಾನೆಗಳ ಗಿಟಾರುಗಳಲ್ಲಿ ಪೊಟೆನ್ಶಿಯೊಮೀಟರಿನ ದಂಡಕ್ಕೆ ಸಾಮಾನ್ಯವಾಗಿ 18 ಗೀರುಗಳಿರುತ್ತವೆ, ಅಮೆರಿಕನ್ ಭಾಗಗಳಲ್ಲಿ 24. ಒಂದರ ಗುಂಡಿಯನ್ನು ಇನ್ನೊಂದಕ್ಕೆ ಬಲವಂತವಾಗಿ ತುರುಕಿದರೆ ಗುಂಡಿ ಸೀಳುತ್ತದೆ. ಆದ್ದರಿಂದ ತರಿಸುವ ಮುನ್ನ ಹಳೆಯ ಗುಂಡಿಯನ್ನು ಎಳೆದು ತೆಗೆದು ಗೀರುಗಳನ್ನು ಎಣಿಸಿಕೊಳ್ಳಿ. ತೆಗೆದ ಪ್ರತಿಯೊಂದು ಮೂಲ ಭಾಗವನ್ನೂ, ಸಣ್ಣ ಸ್ಕ್ರೂ ಸಹಿತ, ಜಿಪ್ ಚೀಲದಲ್ಲಿ ಹಾಕಿ, ಮೇಲೆ ಹೆಸರು ಮತ್ತು ತೆಗೆದ ತಾರೀಖು ಬರೆದು, ಖರೀದಿಯ ಬಿಲ್ಲು, ಕ್ರಮಸಂಖ್ಯೆಯ ಫೋಟೊ, ನೀವು ಕೊನೆಗೆ ನೆಲೆಗೊಳಿಸಿದ ಅಳತೆಗಳ ಚೀಟಿಯ ಜೊತೆಗೆ ಪೆಟ್ಟಿಗೆಯ ಒಳಖಾನೆಯಲ್ಲಿಡಿ. ಮುಂದೆ ರಿಪೇರಿಗೆ ಕೊಡುವಾಗ ಆ ಚೀಟಿಯ ಒಂದು ಪ್ರತಿಯನ್ನು ತಂತಿಗಳ ನಡುವೆ ಸಿಕ್ಕಿಸಿಯೇ ಕೊಡಿ.